ಬಾಗಿಲ ಹಿಂದಿನ ಮೊಳೆ

ಬಿಸಿ, ಇನ್ನೂ ಬಿಸಿ, ಒಣಗಿಸುವ ಮಿಷನ್ನಿನ ಹೊಟ್ಟೆಯಿಂದ ಈಗಷ್ಟೇ ಹೊರಬಿದ್ದ ಟವೆಲ್ಲನ್ನು ಕೆನ್ನೆಗೆ ಒತ್ತಿಕೊಂಡರೆ ಯಾರೋ ಅಂಗೈ ಇಟ್ಟ ಹಾಗೆ, ಒಂದು ಕ್ಷಣ ಮಾತ್ರ, ಆಮೇಲೆ ಬರೀ ಬಟ್ಟೆ, ಸೋಪಿನ ಪುಡಿಯ ವಾಸನೆ, ಮಡಿಸು, ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಎರಡು, ಅಂಚು ಒಳಗೆ ಹೋಗಬೇಕು, ಮೂಲೆಯ ನೂಲು ಮೇಲೆ ಕಾಣಬೇಕು — ಕೆಂಪು ನೂಲು ಸ್ಟೇಷನ್ ಎದುರಿನ ಹೋಟೆಲಿನದು, ನೀಲಿ ಆಸ್ಪತ್ರೆಯದು, ಹಸಿರು ಈಜುಕೊಳದವರದು — ನೂಲು ಕಿತ್ತುಹೋಗಿ ಯಾರದೆಂದು ತಿಳಿಯದವು ಕಿಟಕಿ ಕೆಳಗಿನ ಬುಟ್ಟಿಗೆ, ಇಸ್ತ್ರಿ ಅಕ್ಕ ಅದಕ್ಕೆ ಬೇವಾರ್ಸಿ ಬುಟ್ಟಿ ಅಂತ ಹೆಸರಿಟ್ಟಿದ್ದಾಳೆ, ಏಯ್, ಆ ಬೇವಾರ್ಸಿಗಳನ್ನ ಈ ಕಡೆ ತಳ್ಳೇ, ಎಂದು ದಿನಕ್ಕೆ ಹತ್ತು ಸಲ ಕೂಗುತ್ತಾಳೆ, ನಾನು ತಳ್ಳುತ್ತೇನೆ, ಅವಳಿಗೆ ನನ್ನ ಕಥೆ ಗೊತ್ತಿಲ್ಲ, ಗೊತ್ತಿದ್ದರೆ ನಾಲಿಗೆ ಕಚ್ಚಿಕೊಂಡು ದಿನವಿಡೀ ಅಯ್ಯೋ ಪಾಪ ಎನ್ನುವ ಕಣ್ಣಲ್ಲಿ ನೋಡುತ್ತಿದ್ದಳು, ಅದಕ್ಕಿಂತ ಬೇವಾರ್ಸಿಯೇ ವಾಸಿ. ಗಡಿಯಾರದಲ್ಲಿ ಮೂರೂ ಹತ್ತು. ನಾಲ್ಕಕ್ಕೆ ಫೈಲಮ್ಮ ಬರುತ್ತಾರೆ. ಫೈಲಮ್ಮ ಅನ್ನುವುದು ನಾನು ಮನಸ್ಸಿನಲ್ಲೇ ಇಟ್ಟ ಹೆಸರು, ಎದುರಿಗೆ ಮೇಡಂ, ಮಕ್ಕಳ ಕಚೇರಿಯವರು, ಹೆತ್ತವರಿಲ್ಲದ, ಇಲ್ಲವೇ ಹೆತ್ತವರಿಗೆ ಬೇಡವಾದ ಮಕ್ಕಳನ್ನು ಮನೆ ಇರುವವರ ಕೈಗೆ ಸಾಕಲು ಕೊಟ್ಟು, ಮೂರು ತಿಂಗಳಿಗೊಮ್ಮೆ ಹೋಗಿ ನೋಡಿ ಬರುವುದು ಅವರ ಕೆಲಸ, ನೆಟ್ಟ ಗಿಡ ಹತ್ತಿತೋ ಇಲ್ಲವೋ ಎಂದು ನೋಡಿ ಬರುವ ಹಾಗೆ. ನನಗೆ ಇಪ್ಪತ್ತು ತುಂಬಿದೆ, ನನ್ನ ಫೈಲು ಮುಚ್ಚಿ ಎರಡು ವರ್ಷವಾಯಿತು, ಹಗ್ಗ ಕಟ್ಟಿ ಕಪಾಟಿನ ಮೇಲೆ ಎಸೆದಿರುತ್ತಾರೆ ಅಂದುಕೊಂಡಿದ್ದೆ, ಈಗ ಹಗ್ಗ ಬಿಚ್ಚಿದ್ದಾರೆ. ನಾನು ಒಂಬತ್ತು ವರ್ಷ ಬೆಳೆದ ಮನೆಯವರು ಇನ್ನೊಂದು ಮಗು ಕೇಳಿದ್ದಾರಂತೆ, ಆರು ವರ್ಷದ ಹುಡುಗಿ, ಅಲ್ಲಿ ಮೊದಲು ಬೆಳೆದವರ ಅಭಿಪ್ರಾಯ ತಗೋಬೇಕು ಅಂತ ಹೊಸ ರೂಲ್ಸು ಬಂದಿದೆಯಮ್ಮ, ನೀನು ಹೂಂ ಅಂದ್ರೆ ಸೋಮವಾರವೇ ಕಳಿಸ್ತೀವಿ, ಪಾಪ, ಮುಂದಿನ ಎರಡು ಹಲ್ಲು ಬಿದ್ದಿದೆ ಆ ಮಗೂಗೆ, ದೊಡ್ಡಮನೆಗೆ ಯಾರು ಬಂದ್ರೂ ಓಡಿಹೋಗಿ, ನಾನು ನಿಮ್ಮನೆಗೆ ಬರ್ಲಾ, ಅಂತ ಕೇಳುತ್ತೆ. ದೊಡ್ಡಮನೆ ಅಂದರೆ ಕಚೇರಿಯವರ ಅನಾಥಾಲಯ, ಅಲ್ಲಿಗೆ ಬರುವ ಹಾಲಿನವನನ್ನೂ ಕೇಳಿತಂತೆ. ಫೈಲಮ್ಮ ಅದನ್ನು ಹೇಳಿ ಫೋನಿನಲ್ಲಿ ನಕ್ಕರು, ನಾನೂ ನಕ್ಕೆ, ನಗದೆ ಇದ್ದರೆ ಅದನ್ನೂ ಎಲ್ಲಾದರೂ ಬರೆದುಕೊಂಡಾರು.

ಆ ಫೋನು ನಿನ್ನೆಯದು, ಇವತ್ತಿನದು ಬೆಳಿಗ್ಗೆ ಎಂಟಕ್ಕೆ, ಕೈಯಲ್ಲಿ ಬ್ರಷ್ಷು, ಬಾಯಿ ತುಂಬ ನೊರೆ, ಹಲೋ ಅಂದರೆ ಆ ಕಡೆಯಿಂದ, ನಾನು ಕಣೇ, ಅಮ್ಮ. ಯಾರು, ಅಂದೆ. ಬೇಕೆಂದು ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಾಗಲಿಲ್ಲ, ಆ ಪದಕ್ಕೆ ಹಚ್ಚಲು ನನ್ನ ಹತ್ತಿರ ಒಂದು ಮುಖವೂ ಇಲ್ಲ, ಅಮ್ಮ ಕಣೇ, ಇಷ್ಟು ಬೇಗ ಧ್ವನಿ ಮರ್ತುಬಿಟ್ಯಾ, ಓ, ಆಂಟಿ. ಆ ಕಡೆ ನಗು, ಹೂಂ ಬಿಡು, ಆಂಟಿನೇ ಅನ್ನು, ಹೇಗಿದ್ದೀಯ, ಸೊರಗಿಹೋಗಿದ್ದೀಯ ನೋಡು — ಫೋನಿನಲ್ಲಿ ಸೊರಗಿದ್ದು ಹೇಗೆ ಕಂಡಿತೋ, ಎರಡು ವರ್ಷದಲ್ಲಿ ಇದೇ ಮೊದಲ ಫೋನು — ಮೇಡಂ ಬರ್ತಾರಂತಲ್ಲ ಇವತ್ತು, ನಾಲ್ಕು ಒಳ್ಳೆ ಮಾತು ಹೇಳೇ, ನಾವೇನು ನಿಂಗೆ ಹೊಡೆದ್ವಾ. ಇಲ್ಲ ಆಂಟಿ. ಉಪವಾಸ ಕೆಡವಿದ್ವಾ. ಇಲ್ಲ ಆಂಟಿ. ಮತ್ತೆ, ಮಗಳೂ ಓದೋಕೆ ಅಂತ ಹಾಸ್ಟೆಲ್ ಸೇರಿದ್ಲು, ಮಗನಿಗೂ ಬೇರೆ ಊರಲ್ಲಿ ಕೆಲಸ ಆಯ್ತು, ಮನೆ ಭಣಭಣ ಅಂತಿದೆ, ಒಂದು ಮಗು ಅಂತ ಓಡಾಡ್ಕೊಂಡಿದ್ರೆ ನಿಮ್ಮಂಕಲ್ಲೂ ಟೀವಿ ಬಿಟ್ಟು ಏಳ್ತಾರೆ, ಉಂಡ ಮನೆಗೆ ಎರಡು ಬಗೆಯೋ ಹುಡುಗಿ ಅಲ್ಲ ನೀನು, ನಂಗೊತ್ತಿಲ್ವಾ, ಎಲ್ಲ ತಯಾರಿ ಮಾಡಿಟ್ಟಿದ್ದೀವಿ ಕಣೇ ಮಗೂಗೆ, ಮಂಚಕ್ಕೆ ಹೊಸ ಬೆಡ್‌ಶೀಟು, ಹೊಸ ಚಪ್ಪಲಿ, ಆಮೇಲೆ ನೋಡು — ಆಮೇಲೆ ಇನ್ನೊಂದು ಹೇಳಿದರು. ಅದು ಈಗ ಬೇಡ. ಮಡಿಸು. ನೀಲಿ, ನೀಲಿ, ಕೆಂಪು, ಇದರ ಅಂಚು ಹರಿದಿದೆ, ನೆಲ ಒರೆಸುವುದಕ್ಕೆ, ನೀಲಿ. ಏನೇ, ಮುಖ ಯಾಕೆ ಇಸ್ತ್ರಿ ಮಾಡದ ಬಟ್ಟೆ ಥರ ಇದೆ, ಅನ್ನುತ್ತಾಳೆ ಇಸ್ತ್ರಿ ಅಕ್ಕ, ರೋಲರಿನ ಹಬೆಯೊಳಗಿಂದ, ಗಂಡು ನೋಡೋಕೆ ಬರ್ತಿದ್ದಾನಾ. ಹೌದಕ್ಕ, ನಾಲ್ಕು ಗಂಟೆಗೆ, ಎಂದೆ. ಸುಳ್ಳಲ್ಲ, ನೋಡಲು ಬರುವವರು ಬರುತ್ತಿದ್ದಾರೆ, ಒಪ್ಪಿಸಬೇಕಾದ ಹುಡುಗಿ ಮಾತ್ರ ನಾನಲ್ಲ.

ಹೇಳಿಬಿಡಬಹುದು. ಹೇಳುವುದಕ್ಕೇನು, ನಾಲಿಗೆಗೆ ಮೂಳೆಯಿಲ್ಲ. ಆದರೆ ನಾನು ಒಂದು ಸಲ ಹೇಳಿದ್ದೇನೆ, ಹೇಳಿದ್ದರ ರುಚಿ ಇನ್ನೂ ಬಾಯಲ್ಲಿದೆ. ಏಳು ವರ್ಷ ಆಗ, ಮೊದಲ ಮನೆ, ಅಂಗಳವಿಲ್ಲದ, ಬೀದಿಗೆ ನೇರವಾಗಿ ತೆರೆಯುವ ಎರಡು ಕೋಣೆಯ ಮನೆ, ಅಲ್ಲಿ ಗಡಿಯಾರ ರಿಪೇರಿಯ ತಾತ, ಅವರ ಹೆಂಡತಿ ಅಜ್ಜಿ, ಒಂದು ಕಿವಿ ಹರಿದ ಬೆಕ್ಕು, ನಾನು. ತಾತ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ನನ್ನನ್ನು ನೋಡುತ್ತಿದ್ದರು, ರಾಣಿಯ ಮೂಗಿನ ಮೇಲೆ ಒಂದು ಚುಕ್ಕೆ ಇದೆ, ಉಜ್ಜಬೇಕು, ಅನ್ನುತ್ತಿದ್ದರು, ರಾಣಿ ಅಂದರೆ ನಾನು. ಹಾಲು ಕಾಯಿಸಿದಾಗ ಅವರದು ಒಂದೇ ಹಾಡು, ಮೊದಲು ಬೆಕ್ಕಿಗೆ, ಆಮೇಲೆ ರಾಣಿಗೆ, ಉಳಿದ್ರೆ ಈ ಮುದುಕನಿಗೆ, ನಿಜಕ್ಕೂ ಬೆಕ್ಕಿಗೆ ಮೊದಲು ಹಾಕುತ್ತಿದ್ದರು, ಇಲ್ಲದಿದ್ದರೆ ಅದು ಕಾಲಿಗೆ ಸುತ್ತಿಕೊಂಡು ಪಾತ್ರೆ ಬೀಳಿಸುತ್ತಿತ್ತು. ಸಂಜೆ ಸೈಕಲ್ಲು, ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದರು, ಬಿಡಲ್ಲ ಕಣೇ, ಬಿಡಲ್ಲ, ತುಳಿ. ಆಗ ಫೈಲಮ್ಮನ ಕೂದಲು ಪೂರ್ತಿ ಕಪ್ಪು. ಊಟ ಎಲ್ಲ ಸರಿಯಾಗಿ ಕೊಡ್ತಾರಾ ಪುಟ್ಟಿ, ಅಂತ ಕೇಳಿದರು, ನಾನು ಮನೆಯ ತಮಾಷೆ ಅವರಿಗೂ ಗೊತ್ತಾಗಲಿ, ಅವರೂ ನಗಲಿ ಎಂದು, ಮೊದಲು ಬೆಕ್ಕಿಗೆ ಕೊಡ್ತಾರೆ, ಆಮೇಲೆ ನಂಗೆ, ಎಂದೆ. ಮುದುಕನ ಪಾಲು ಹೇಳುವಷ್ಟರಲ್ಲಿ ನನಗೇ ನಗು ಬಂದು ಬಾಯಿ ಮುಚ್ಚಿಕೊಂಡೆ. ಅವರು ನಗಲಿಲ್ಲ. ಬರೆದುಕೊಂಡರು. ಮೂರನೆಯ ದಿನ ಕಚೇರಿಯ ವ್ಯಾನು ಬಂತು, ತಾತ ವ್ಯಾನಿನ ಕಿಟಕಿ ಹಿಡಿದುಕೊಂಡು, ಏನಂದೆ ರಾಣಿ, ಏನಂದೆ ನೀನು ಅವರಿಗೆ, ಬೈಯುವ ಧ್ವನಿಯಲ್ಲ, ಗಡಿಯಾರ ಯಾಕೆ ನಿಂತಿತು ಎಂದು ಬಗ್ಗಿ ನೋಡುವ ಧ್ವನಿ, ಕಣ್ಣಿನ ಭೂತಗನ್ನಡಿ ಹಾಗೇ ಇತ್ತು, ಅದರೊಳಗೆ ಅವರ ಕಣ್ಣು ಇಷ್ಟು ದೊಡ್ಡದು, ನೀರು ತುಂಬಿ ಇನ್ನೂ ದೊಡ್ಡದು. ಬಿಡಲ್ಲ ಅಂದಿದ್ದವರು. ವ್ಯಾನು ಹೊರಟಾಗ ಬಿಟ್ಟರು. ನನಗೆ ಇವತ್ತಿಗೂ ಸೈಕಲ್ಲು ಬರುವುದಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು, ಅದು ಪುಸ್ತಕದಲ್ಲಿ ಓದಿ ಕಲಿಯುವ ಗಾದೆಯಲ್ಲ.

ಆಮೇಲೆ ಮತ್ತೆ ದೊಡ್ಡಮನೆ, ಎರಡು ವರ್ಷ, ನಲವತ್ತು ಮಂಚ, ಟವೆಲ್ಲು ಮಾತ್ರ ಒಂದೇ ರಾಶಿ, ಎದ್ದವರು ಕೈಗೆ ಸಿಕ್ಕಿದ್ದನ್ನು ಎಳೆದುಕೊಳ್ಳಬೇಕು, ತಡವಾಗಿ ಎದ್ದವರಿಗೆ ಇನ್ನೊಬ್ಬರ ಒದ್ದೆ, ಮುಖಕ್ಕೆ ಹಚ್ಚಿದರೆ ಯಾರದೋ ಎಣ್ಣೆ, ಯಾರದೋ ಸಿಂಬಳ, ಬೇವಾರ್ಸಿ ಬುಟ್ಟಿ ಎಂದರೆ ಅದು, ಇಸ್ತ್ರಿ ಅಕ್ಕ ನೋಡಿಲ್ಲ. ಅಲ್ಲಿಂದ ಒಂಬತ್ತನೆಯ ವಯಸ್ಸಿಗೆ ಆಂಟಿಯ ಮನೆಗೆ. ಮೂರನೆಯ ಮಹಡಿ, ತೊಳೆದ ಹಾಗಿರುವ ನೆಲ, ಆಂಟಿ, ಬಸ್ ಡಿಪೋದಲ್ಲಿ ಕೆಲಸದ ಅಂಕಲ್ಲು, ಅಣ್ಣ ಅಂತ ಕರಿ ಅಂದ ಹುಡುಗ, ಹೆಸರು ಹಿಡಿದು ಕರೆಯಬಹುದಾದ ಚಿಕ್ಕವಳು. ಬಾತ್‌ರೂಮಿನಲ್ಲಿ ಕನ್ನಡಿಯ ಪಕ್ಕ ಒಂದು ಪ್ಲಾಸ್ಟಿಕ್ ಪಟ್ಟಿ, ಅದಕ್ಕೆ ನಾಲ್ಕು ಕೊಕ್ಕೆ, ಅಂಕಲ್ಲಿನ ನೀಲಿ ಟವೆಲ್ಲು, ಆಂಟಿಯ ಗುಲಾಬಿ, ಅಣ್ಣನ ಹಸಿರು, ಚಿಕ್ಕವಳ ಹಳದಿ. ನನ್ನ ಕೈಯಲ್ಲಿ ಹೊಸದೊಂದು ಬಿಳಿ ಟವೆಲ್ಲು ಕೊಟ್ಟು, ಇವಳದ್ದು ಎಲ್ಲಿ ಹಾಕೋದು ರೀ, ಎಂದರು ಆಂಟಿ, ಅಂಕಲ್ಲು ಸುತ್ತಿಗೆ ತಂದರು, ಬಾಗಿಲ ಹಿಂದೆ ನನ್ನನ್ನು ನಿಲ್ಲಿಸಿದರು, ಕೈ ಎತ್ತು ನೋಡೋಣ, ಇನ್ನೂ ಎತ್ತು, ಹಾಂ, ಅಲ್ಲಿಗೆ. ಮೂರು ಏಟು. ಮೊಳೆ. ಎಷ್ಟು ಕುಣಿದೆ ಅವತ್ತು, ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಬೇಕು ಅನ್ನಿಸುತ್ತದೆ, ನನಗೆ ಅಂತ ಒಂದು ಟವೆಲ್ಲು, ನನಗೆ ಅಂತ ಒಂದು ಮೊಳೆ, ನನ್ನ ಎತ್ತರಕ್ಕೆ ಅಳೆದು ಹೊಡೆದದ್ದು, ದೊಡ್ಡಮನೆಯ ನಲವತ್ತು ಜನರಲ್ಲಿ ಯಾರಿಗೆ ಇತ್ತು. ದಿನಕ್ಕೆ ಐದಾರು ಸಲ ಹೋಗಿ ಬಾಗಿಲು ಹಾಕಿಕೊಂಡು ನೋಡುತ್ತಿದ್ದೆ, ಇದೆಯೋ ಇಲ್ಲವೋ ಎಂದು. ಮನೆ ಸಿಕ್ಕಿತು ಅಂದುಕೊಂಡೆ. ಆ ಹಲ್ಲು ಬಿದ್ದ ಮಗುವೂ ಹೀಗೇ ಕುಣಿಯುತ್ತದೆ, ಅದು ಅಳುವುದಿಲ್ಲ, ಮೊದಲ ವರ್ಷ ಅಳುವುದೇ ಇಲ್ಲ.

ಮೂರು ತಿಂಗಳಿಗೊಮ್ಮೆ ಬೆಳಿಗ್ಗೆ ಆಂಟಿ, ಇವತ್ತು ಮೇಡಂ, ಎನ್ನುತ್ತಿದ್ದರು, ಅಷ್ಟು ಸಾಕು. ಅಣ್ಣನ ಹಸಿರು ಟವೆಲ್ಲು ಬಾಲ್ಕನಿಯ ತಂತಿಗೆ, ನನ್ನ ಬಿಳಿಯದು ಅವನ ಕೊಕ್ಕೆಗೆ. ನನ್ನ ತಟ್ಟೆ ಕಿಟಕಿಯ ಕಟ್ಟೆಯಿಂದ ಅವರ ತಟ್ಟೆಗಳ ಗೂಡಿಗೆ. ಬಾತ್‌ರೂಮಿನ ಬಾಗಿಲನ್ನು ಒಳಗೋಡೆಗೆ ತಾಗುವವರೆಗೆ ತೆರೆದು ಬಕೆಟ್ಟು ಒತ್ತಿಡುವುದು, ಹಾಗೆ ತೆರೆದರೆ ಮೊಳೆ ಗೋಡೆಗೂ ಬಾಗಿಲಿಗೂ ನಡುವೆ ಅಡಗುತ್ತದೆ. ಮತ್ತೆ, ಅಮ್ಮ ಅನ್ನೋದು ಮರೀಬೇಡ. ಮೇಡಂ ಬಂದಾಗ ಅಮ್ಮ, ಮೇಡಂ ಮೆಟ್ಟಿಲಿಳಿದ ಮೇಲೆ ಆಂಟಿ. ಒಂದು ಸಲ ಮರೆತು ಸಂಜೆ ಅಮ್ಮ ಅಂದುಬಿಟ್ಟೆ, ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ, ಲೇ ಪಾರ್ಸೆಲ್ಲು, ಶೋ ಮುಗೀತು, ಬಾಯಿ ಬಣ್ಣ ತೊಳ್ಕೋ. ಪಾರ್ಸೆಲ್ಲು ಅವನು ಇಟ್ಟ ಹೆಸರು. ಆಂಟಿ ಅವನನ್ನು ಗದರಿದರು, ಹಾಗೆಲ್ಲ ಅನ್ಬಾರ್ದು ಕಣೋ, ಎಂದರು, ಆದರೆ ನನ್ನ ಕರೆಗೆ ಓ ಅನ್ನಲಿಲ್ಲ. ಹನ್ನೆರಡು ತುಂಬುವಷ್ಟರಲ್ಲಿ ಯಾರೂ ಹೇಳಬೇಕಿರಲಿಲ್ಲ, ಇವತ್ತು ಮೇಡಂ ಎಂದರೆ ಸಾಕು, ನಾನೇ ಎಲ್ಲ ಬದಲಾಯಿಸುತ್ತಿದ್ದೆ, ಟವೆಲ್ಲು, ತಟ್ಟೆ, ಬಾಗಿಲು, ಬಕೆಟ್ಟು, ನಾನೇ ಮಾಡುತ್ತಿದ್ದೆ, ಒಮ್ಮೆ ಆಂಟಿ ಬಕೆಟ್ಟು ಸರಿಯಾಗಿ ಒತ್ತಿರಲಿಲ್ಲವೆಂದು ನಾನೇ ಓಡಿಹೋಗಿ ಒತ್ತಿದೆ, ಮೊಳೆ ಕಂಡುಬಿಟ್ಟರೆ ಎಂದು, ವ್ಯಾನು ಬಂದುಬಿಟ್ಟರೆ ಎಂದು. ಫೈಲಮ್ಮ ಹೊಸ್ತಿಲಲ್ಲೇ ನಿಂತು ಬಗ್ಗಿ ನೋಡಿ, ಓಹೋ, ಎಲ್ಲರದ್ದೂ ಸಾಲಾಗಿ ಎಷ್ಟು ನೀಟಾಗಿದೆ, ಅನ್ನುತ್ತಿದ್ದರು. ಮನೆಯಲ್ಲಿ ಐದು ಜನ, ಕೊಕ್ಕೆ ನಾಲ್ಕು, ಮೂವತ್ತಾರು ಸಲ ಬಗ್ಗಿ ನೋಡಿದರು, ಒಂದು ಸಲವೂ ಎಣಿಸಲಿಲ್ಲ. ಆಮೇಲೆ ಕೋಣೆಯ ಬಾಗಿಲು ಮುಚ್ಚಿ, ಧ್ವನಿ ತಗ್ಗಿಸಿ, ನಿಂಗೆ ಇಲ್ಲಿ ಚೆನ್ನಾಗಿದ್ಯಾಮ್ಮ. ಚೆನ್ನಾಗಿದೆ ಮೇಡಂ. ಊಟ. ಚೆನ್ನಾಗಿದೆ ಮೇಡಂ. ಮನೆಯಲ್ಲಿ ಬೆಕ್ಕಿರಲಿಲ್ಲ, ಇದ್ದಿದ್ದರೂ ಅದರ ಸುದ್ದಿ ಎತ್ತುತ್ತಿರಲಿಲ್ಲ.

ಐದು ಕೊಕ್ಕೆಯದು ತರಬಹುದಲ್ಲ ಆಂಟಿ, ಎಂದು ಒಂದೇ ಒಂದು ಸಲ ಕೇಳಿದ್ದೆ, ಹನ್ನೊಂದು ವರ್ಷಕ್ಕೆ, ಅದೂ ನಗುನಗುತ್ತಾ. ಐದರದ್ದು ಬರೋದೇ ಇಲ್ಲ ಕಣೇ, ಕಂಪನಿಯವರು ನಾಲ್ಕರದ್ದೇ ಮಾಡೋದು. ನಂಬಿದೆ, ಕಂಪನಿಯ ಮೇಲೆ ಸಿಟ್ಟೂ ಮಾಡಿಕೊಂಡೆ. ಒಂದು ವಾರ ಬಿಟ್ಟು ಬಲ್ಬು ತರಲು ಕಳಿಸಿದರು, ಅಂಗಡಿಯ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದವು, ಮೂರರದು, ನಾಲ್ಕರದು, ಐದರದು, ಆರರದು, ಸ್ಟೀಲಿನದು, ಹಿತ್ತಾಳೆಯದು, ನಾನು ತಲೆಯೆತ್ತಿ ನೋಡುತ್ತಾ ನಿಂತದ್ದು ಕಂಡು ಅಂಗಡಿಯವನು, ಬೇಕೇನಮ್ಮ, ಎಷ್ಟು ಜನ ಇದ್ದೀರ ಮನೇಲಿ, ಎಂದ. ನಾಲ್ಕು, ಎಂದೆ. ನನ್ನ ಬಾಯಿಂದಲೇ ಬಂತು. ಬಲ್ಬು ಎದೆಗೆ ಒತ್ತಿಕೊಂಡು ಮನೆಗೆ ಬಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡೆ, ಮೊಳೆ ಅಲ್ಲೇ ಇತ್ತು, ಅವತ್ತು ಮೊದಲ ಸಲ ಅದು ಬರೀ ಮೊಳೆಯಾಗಿ ಕಂಡಿತು. ಆಂಟಿ ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು. ಹದಿಮೂರಕ್ಕೆ ಮೂರು ದಿನ ಜ್ವರ ಬಂದಾಗ ಕೆಲಸಕ್ಕೆ ರಜೆ ಹಾಕಿ ಪಕ್ಕದಲ್ಲಿ ಕೂತಿದ್ದರು, ತಮ್ಮ ಗುಲಾಬಿ ಟವೆಲ್ಲನ್ನೇ ತಣ್ಣೀರಿನಲ್ಲಿ ಅದ್ದಿ ನನ್ನ ಹಣೆ, ಕುತ್ತಿಗೆ, ಕಂಕುಳು ಒರೆಸಿದರು, ಏನೂ ಆಗಲ್ಲ ಮಗಾ, ಎಂದರು, ಮಗಾ ಅಂದದ್ದು ಜ್ವರದ ಕಿವಿಗೆ ಕೇಳಿಸಿದ್ದಲ್ಲ, ನಿಜವಾಗಿಯೂ ಅಂದರು. ನಾಲ್ಕನೆಯ ದಿನ ಎದ್ದು ಬಚ್ಚಲಿಗೆ ಹೋದರೆ ಆ ಗುಲಾಬಿ ಟವೆಲ್ಲು ಕುದಿನೀರಿನ ಬಕೆಟ್ಟಿನಲ್ಲಿ ಮುಳುಗಿತ್ತು, ನೆಲ ಒರೆಸುವ ಔಷಧದ ಘಾಟು, ಆಂಟಿ ಕೋಲಿನಲ್ಲಿ ಅದನ್ನು ಒಳಗೆ ಒತ್ತುತ್ತಿದ್ದರು. ಹಣೆ ಒರೆಸಿದ್ದೂ ನಿಜ, ಕುದಿಸಿದ್ದೂ ನಿಜ, ಇವೆರಡನ್ನು ಯಾವ ಕಾಲಮ್ಮಿನಲ್ಲಿ ಬರೆಸುವುದು. ನಾನು ಬೆಳೆದೆ, ಮೊಳೆಯನ್ನು ಯಾರೂ ಮೇಲೇರಿಸಲಿಲ್ಲ, ಹದಿನೈದಕ್ಕೆ ಅದು ಸರಿಯಾಗಿ ಭುಜದ ಮಟ್ಟಕ್ಕೆ ಬಂತು, ಒಂದು ದಿನ ಕಣ್ಣಿಗೆ ಸೋಪು ಹೋಗಿ ತಿರುಗಿದಾಗ ಎಡ ಭುಜ ಗೀರಿಹಾಕಿತು, ನೋಡ್ಕೊಂಡು ಓಡಾಡಬಾರದಾ, ಎನ್ನುತ್ತಾ ಆಂಟಿಯೇ ಮುಲಾಮು ಹಚ್ಚಿದರು. ಗಾಯದ ಗೆರೆ ಇನ್ನೂ ಇದೆ. ಹದಿನೆಂಟಕ್ಕೆ ಬ್ಯಾಗು ಹಿಡಿದು ಹೊರಟಾಗ ಬಿಳಿ ಟವೆಲ್ಲನ್ನು ತೆಗೆದುಕೊಂಡೆ, ಮೊಳೆಯನ್ನೂ ಕಿತ್ತುಬಿಡೋಣವೆಂದು ಬೆರಳಲ್ಲಿ ಅಲ್ಲಾಡಿಸಿದೆ, ಗಟ್ಟಿಯಾಗಿತ್ತು, ಅಂಕಲ್ಲಿನ ಏಟು.

ಮೂರೂ ಐವತ್ತೈದು. ಇಲ್ಲ ಎಂದರೆ ಆ ಮಗು ದೊಡ್ಡಮನೆಯಲ್ಲೇ ಉಳಿಯುತ್ತದೆ, ಒದ್ದೆ ರಾಶಿ, ನಲವತ್ತು ಮಂಚ, ಹಾಲಿನವನ ಹಿಂದೆ ಓಡುವುದು. ಹೂಂ ಎಂದರೆ ಸೋಮವಾರ ಮೂರನೆಯ ಮಹಡಿ. ಯಾವುದು ವಾಸಿ, ಯಾರದೂ ಅಲ್ಲದ ಒದ್ದೆ ಟವೆಲ್ಲೋ, ಬಾಗಿಲ ಹಿಂದಿನ ಮೊಳೆಯೋ, ಹಾವೂ ಸಾಯದ ಕೋಲೂ ಮುರಿಯದ ಉತ್ತರ ಇದ್ದೇ ಇರಬೇಕು, ಓದಿದವರಿಗೆ ಸಿಗುತ್ತದೇನೋ — ಯಾರೋ ಬಂದಿದ್ದಾರೆ ನೋಡೇ, ಗಂಡಿನ ಕಡೆಯವರಾ, ಇಸ್ತ್ರಿ ಅಕ್ಕ ಕಣ್ಣು ಹೊಡೆಯುತ್ತಾಳೆ, ಫೈಲಮ್ಮ ಬಾಗಿಲಲ್ಲಿ ನಿಂತು ಹಬೆಗೆ ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ, ಕೂದಲು ಎಷ್ಟು ಬೆಳ್ಳಗಾಗಿದೆ, ಸೋಪಿನ ಡಬ್ಬಗಳ ಕೋಣೆಯಲ್ಲಿ ಒಂದು ಸ್ಟೂಲು ಅವರಿಗೆ, ಮಗುಚಿದ ಬುಟ್ಟಿ ನನಗೆ. ಎಷ್ಟು ಎತ್ತರ ಆಗಿದ್ದೀಯಮ್ಮ, ಚೆನ್ನಾಗಿದ್ದೀಯಾ, ಜಾಸ್ತಿ ಹೊತ್ತು ತಗೊಳ್ಳಲ್ಲ, ಒಂದೇ ಪ್ರಶ್ನೆ. ಫೈಲು ತೆರೆಯಿತು, ಪೆನ್ನಿನ ಮುಚ್ಚಳ ತೆರೆಯಿತು. ನಿಂಗೆ ಅಲ್ಲಿ ಚೆನ್ನಾಗಿತ್ತಾ. ಚೆನ್ನಾಗಿ — ನಾಲಿಗೆ ತಾನಾಗಿಯೇ ಓಡುತ್ತದೆ, ಮೂವತ್ತಾರು ಸಲದ ಅಭ್ಯಾಸ — ಅವರ ಪೆನ್ನು ಆಗಲೇ ಕಾಗದ ಮುಟ್ಟಿದೆ, ಆಗ ಬಂತು, ಬೆಳಿಗ್ಗೆಯಿಂದ ಟವೆಲ್ಲುಗಳ ಅಡಿಗೆ ಒತ್ತಿಟ್ಟಿದ್ದ ಆಂಟಿಯ ಧ್ವನಿ, ಹೊಸ ಬೆಡ್‌ಶೀಟು, ಹೊಸ ಚಪ್ಪಲಿ, ಆಮೇಲೆ ನೋಡು, ನಿನ್ನ ಮೊಳೆ ಆ ಪುಟ್ಟ ಕೈಗೆ ಎಟುಕಲ್ಲ ಅಂತ ನಿಮ್ಮಂಕಲ್ಲು ಅದರ ಕೆಳಗೇ ಇನ್ನೊಂದು ಹೊಡೆದಿದ್ದಾರೆ. ಎಷ್ಟು ಪ್ರೀತಿಯಿಂದ ಹೇಳಿದರು. ಆಂಟಿ, ಕನ್ನಡಿ ಪಕ್ಕ ಈಗ ಎರಡು ಕೊಕ್ಕೆ ಖಾಲಿ ಇರಬೇಕಲ್ಲ, ಅಂದಿದ್ದೆ ನಾನು, ನೊರೆ ಬಾಯಲ್ಲೇ ಒಣಗುತ್ತಿತ್ತು. ಇದೆ ಕಣೇ, ಆದ್ರೆ ಮಕ್ಕಳು ರಜೆಗೆ ಬಂದಾಗ ಬೇಕಾಗುತ್ತಲ್ಲ.

ಮೇಡಂ, ಈ ಸಲ ಅಲ್ಲಿಗೆ ಹೋದಾಗ ಬಾತ್‌ರೂಮಿನ ಒಳಗೆ ಹೋಗಿ. ಹೋಗಿ. ಬಾಗಿಲು ಹಾಕ್ಕೊಳ್ಳಿ. ಯಾಕಮ್ಮ. ಹಾಕ್ಕೊಂಡು ಬಾಗಿಲ ಹಿಂದೆ ನೋಡಿ. ಅವರ ಮುಖ ಬಿಳಿಚಿಕೊಂಡಿತು, ಪೆನ್ನು ನಿಂತಿತು, ಮೂವತ್ತಾರು ಸಲವೂ ಹೀಗೆ ನೋಡಿರಲಿಲ್ಲ ನನ್ನನ್ನು, ಧ್ವನಿ ತಗ್ಗಿಸಿದರು, ಏನಿದೆಯಮ್ಮ ಅಲ್ಲಿ, ಏನಾದ್ರೂ ಆಗಿತ್ತಾ, ಹೆದರ್ಬೇಡ, ಹೇಳು. ಮೊಳೆ ಇದೆ ಮೇಡಂ, ಎಂದೆ. ಮೊಳೆನಾ. ಎರಡು ಮೊಳೆ, ಒಂದು ನಂದು, ಒಂದು ಹೊಸದು. ಅಷ್ಟೇನಾ, ಎಂದರು, ಉಸಿರು ಬಿಟ್ಟರು, ನಕ್ಕರು, ಅಯ್ಯೋ, ಹೆದರಿಸಿಬಿಟ್ಯಲ್ಲೇ. ಫೈಲು ನನ್ನ ಕಡೆ ತಿರುಗಿತು, ಪೆನ್ನು ನನ್ನ ಕೈಗೆ ಬಂತು, ಹೂಂ ಅಂತ ಇಲ್ಲೊಂದು ಸೈನ್ ಹಾಕಮ್ಮ. ಖಾಲಿ ಗೆರೆ. ಅಷ್ಟೇನಾ. ಅಷ್ಟೇ, ಹೌದು, ಅಷ್ಟೇ, ಕೈ ಎತ್ತು ನೋಡೋಣ, ಇನ್ನೂ ಎತ್ತು, ಪೆನ್ನು ಗೆರೆಯ ಮೇಲೆ ಬಂದು ನಿಂತಿದೆ, ಮುಂದೆ ಹೋಗುತ್ತಿಲ್ಲ, ಹಾಕಮ್ಮ, ಎನ್ನುತ್ತಿದ್ದಾರೆ ಯಾರೋ, ಬಾಗಿಲ ಹಿಂದೆ, ನನ್ನದಕ್ಕಿಂತ ಕೆಳಗೆ, ಇನ್ನೂ ತುಕ್ಕು ಹಿಡಿಯದ್ದು, ಮೊಳೆ